‘ಅಮ್ಮಾ, ಯಾವಾಗ ಬಿಡ್ತಾರೆ?’

ಪ್ರಶ್ನೆ: ಮೇಡಂ, ನಾವು ಮೈಸೂರಿನವರು. ಯಜಮಾನರ ಕೆಲಸದಿಂದಾಗಿ ಮೂರು ವರ್ಷದಿಂದ ಜಪಾನಿನಲ್ಲಿದ್ದೇವೆ. ಮಗಳಿಗೆ ಎಂಟು ವರ್ಷ, ಇಲ್ಲಿನ ಶಾಲೆಯಲ್ಲಿ ಮೂರನೇ ಕ್ಲಾಸು. ಅಕ್ಟೋಬರ್‌ನ ಕ್ರೀಡಾ ದಿನದಂದು ನಮ್ಮೂರಿನ ಕ್ರೀಡಾ ಕೇಂದ್ರದಲ್ಲಿ ಕ್ಯೂದೋ, ಅಂದರೆ ಜಪಾನಿನ ಹಳೆಯ ಪದ್ಧತಿಯ ಬಿಲ್ಲುವಿದ್ಯೆಯ ಪ್ರದರ್ಶನ ಇದೆ. ಶಾಲೆಯಿಂದ ಇಪ್ಪತ್ತು ಮಕ್ಕಳನ್ನು ಕರೆದುಕೊಂಡು ಹೋಗುವ ಜವಾಬ್ದಾರಿ ನಮ್ಮ ಪೋಷಕರ ಗುಂಪಿನದು. ಮಕ್ಕಳಿಗೆ ಏನು ತೋರಿಸಿದರೆ ಚೆನ್ನ ಅಂತ ಕ್ಲಬ್ಬಿನವರು ನಮ್ಮನ್ನೇ ಕೇಳಿದ್ದಾರೆ. ಹೋದ ವರ್ಷ ಬೇರೊಂದು ಕಡೆ ನೋಡಲು ಹೋಗಿದ್ದೆವು. ಹತ್ತು ನಿಮಿಷಕ್ಕೇ ಮಗಳು ‘ಅಮ್ಮಾ, ಯಾವಾಗ ಬಿಡ್ತಾರೆ?’ ಅಂತ ಶುರು ಮಾಡಿದಳು. ಈ ಸಲ ಹಾಗಾಗದಂತೆ ಏನು ಮಾಡಬಹುದು? ಮಕ್ಕಳ ಕೈಗೆ ಬಿಲ್ಲು ಕೊಡಬಹುದಾ? ಅಪಾಯವಿಲ್ಲವಾ? ಅವಳಿಗೆ ಕಲಿಯಬೇಕು ಅನ್ನಿಸಿದರೆ ಯಾವ ವಯಸ್ಸಿಗೆ ಸೇರಿಸಬಹುದು?

ಉತ್ತರ: ನಿಮ್ಮ ಮಗಳ ಮಾತು ಓದಿ ಜೋರಾಗಿ ನಕ್ಕೆ. ‘ಯಾವಾಗ ಬಿಡ್ತಾರೆ’ ಅಂದಿದ್ದು ಬಾಣವನ್ನೋ, ನಿಮ್ಮನ್ನೋ? ಎರಡೂ ಇರಬಹುದು. ಆದರೆ ಇಪ್ಪತ್ತು ವರ್ಷದಿಂದ ಈ ಬಿಲ್ಲು ಹಿಡಿಯುತ್ತಿರುವ ನನ್ನನ್ನು ಕೇಳಿದರೆ, ಅದಕ್ಕಿಂತ ಸರಿಯಾದ ಪ್ರಶ್ನೆ ಇನ್ನೊಂದಿಲ್ಲ. ಬಿಲ್ಲನ್ನು ಪೂರ್ತಿ ಎಳೆದು, ಬಾಣ ಕೆನ್ನೆಯ ಪಕ್ಕ ಬಂದು, ಅಲ್ಲಿ ತಡೆದು ನಿಲ್ಲುವ ಹಂತಕ್ಕೆ ಜಪಾನಿಯಲ್ಲಿ ‘ಕಾಯ್’ ಅನ್ನುತ್ತಾರೆ. ಅವರ ಭಾಷೆಯಲ್ಲಿ ಅದಕ್ಕೆ ಕೂಡುವುದು, ಸೇರುವುದು ಅಂತ ಅರ್ಥ. ನಮ್ಮ ಭಾಷೆಯಲ್ಲಿ ‘ಕಾಯ್’ ಅಂದರೇನು ಅಂತ ನಿಮಗೆ ಹೇಳಬೇಕಾಗಿಲ್ಲ. ಸುಮ್ನೆ ಕಾಕತಾಳೀಯ. ಆದರೂ ಅಲ್ಲಿ ಮಾಡಬೇಕಾದ್ದು ಅದನ್ನೇ.

ಆ ಕಾಯುವಿಕೆ ದೊಡ್ಡವರಿಗೇ ಆಗುವುದಿಲ್ಲ. ಎಳೆದ ತಕ್ಷಣ ಕೈ ತಾನಾಗಿ ಬಿಟ್ಟುಬಿಡುವ ಚಾಳಿಗೆ ‘ಹಾಯಾಕೆ’ ಅಂತ ಹೆಸರೇ ಇದೆ. ಒಂದು ಸಲ ಅಂಟಿಕೊಂಡರೆ ಬೇಗ ಹೋಗುವುದಿಲ್ಲ. ನನಗೆ ಮೂರು ವರ್ಷ ಈ ಚಾಳಿ ಇತ್ತು. ಮನಸ್ಸು ‘ಇರು ಇರು’ ಅನ್ನುತ್ತಿದೆ, ಕೈ ಆಗಲೇ ಬಿಟ್ಟಾಗಿದೆ. ರಾತ್ರಿ ಕನಸಿನಲ್ಲೂ ಬಾಣ ಮೊದಲೇ ಹೋಗಿಬಿಡುತ್ತಿತ್ತು. ಹಾಗಾಗಿ ನನ್ನ ಸಲಹೆಯ ತಿರುಳು ಇಷ್ಟೇ. ಮಕ್ಕಳಿಗೆ ಗುರಿಗೆ ಹೊಡೆಯುವುದನ್ನು ತೋರಿಸುವುದಕ್ಕಿಂತ ಬಿಡುವ ಮೊದಲು ಏನಾಗುತ್ತದೆ ಅನ್ನುವುದನ್ನು ತೋರಿಸಿ. ಅದನ್ನೂ ಬರೀ ಕಣ್ಣಿಗಲ್ಲ, ಅವರ ಮೈಗೇ ತೋರಿಸಿ. ಸ್ವಂತ ಭುಜ ಒಮ್ಮೆ ನಡುಗಿದ ಮಗು ಇನ್ನೊಬ್ಬರು ಎಳೆದು ನಿಂತಾಗ ಉಸಿರು ಬಿಗಿಹಿಡಿದು ನೋಡುತ್ತದೆ.

ಹೋದ ವರ್ಷ ನೀವು ನೋಡಿದ್ದು ಬಹುಶಃ ‘ಯಾವಾತಾಶಿ’ ಇರಬೇಕು. ದೊಡ್ಡ ಪ್ರದರ್ಶನ, ಪಂದ್ಯಗಳ ಆರಂಭದಲ್ಲಿ ಸಾಮಾನ್ಯವಾಗಿ ಒಬ್ಬ ಹಿರಿಯರು ಇಬ್ಬರು ಸಹಾಯಕರೊಂದಿಗೆ ಬಂದು, ಬಾಗಿ, ಕೂತು, ಎದ್ದು, ತೋಳಿನ ಬಟ್ಟೆ ಸರಿಮಾಡಿಕೊಂಡು ಎರಡೇ ಎರಡು ಬಾಣ ಬಿಡುತ್ತಾರೆ. ಗಂಡಸರು ಕಿಮೋನೋದಿಂದ ಎಡತೋಳು ಹೊರತೆಗೆಯುತ್ತಾರೆ, ಹೆಂಗಸರು ಒಂದು ಪಟ್ಟಿಯಿಂದ ತೋಳನ್ನು ಕಟ್ಟಿಕೊಳ್ಳುತ್ತಾರೆ. ಎಲ್ಲ ಸೇರಿ ಹತ್ತು ನಿಮಿಷ. ಏನು ನೋಡಬೇಕು ಅಂತ ಗೊತ್ತಿರುವವರಿಗೆ ಅದು ಹಬ್ಬ. ಗೊತ್ತಿಲ್ಲದ ಎಂಟು ವರ್ಷದ ಮಗುವಿಗೆ ಬ್ಯಾಂಕಿನ ಕ್ಯೂ. ತಪ್ಪು ಮಗುವಿನದಲ್ಲ, ಹಿರಿಯರದೂ ಅಲ್ಲ. ಇಟ್ಟ ಜಾಗ ತಪ್ಪು. ಮಕ್ಕಳ ಪ್ರದರ್ಶನದಲ್ಲಿ ಅದನ್ನು ಕೊನೆಗೆ ಇಡಬೇಕು. ಕ್ಲಬ್ಬಿನ ಕೆಲವು ಹಿರಿಯರು ಇದಕ್ಕೆ ಒಪ್ಪಲಿಕ್ಕಿಲ್ಲ. ಅದು ಆರಂಭದ ವಿಧಿ, ಕೊನೆಗೆ ಹೇಗೆ ಮಾಡುವುದು ಅನ್ನುತ್ತಾರೆ. ಹಾಗಾದರೆ ವಿಧಿಯ ಯಾವಾತಾಶಿ ಬೇಡ, ಕೊನೆಯಲ್ಲಿ ಒಬ್ಬರು ಬಂದು ಪೂರ್ತಿ ಕ್ರಮದಲ್ಲಿ ಎರಡು ಬಾಣ ಬಿಡಲಿ ಅಂತ ಕೇಳಿ ನೋಡಿ. ಜಗಳಕ್ಕೆ ಇಳಿಯಬೇಡಿ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಮೊದಲ ಸಲ ನಮ್ಮ ದೋಜೋಗೆ, ಅಂದರೆ ಅಭ್ಯಾಸದ ಮನೆಗೆ, ಮಕ್ಕಳು ಬಂದಾಗ ಮೈಕು ನನ್ನ ಕೈಯಲ್ಲಿತ್ತು. ಬಾಣ ಬಿಡುವ ಎಂಟು ಹಂತಗಳ ಹೆಸರು, ಚರಿತ್ರೆ, ಸತ್ಯ, ಒಳಿತು, ಸೌಂದರ್ಯ ಅಂತ ಇಪ್ಪತ್ತು ನಿಮಿಷ ಕೊರೆದೆ. ಮೊದಲ ಬಾಣ ಹಾರುವ ಹೊತ್ತಿಗೆ ಅರ್ಧ ಮಕ್ಕಳು ಪಕ್ಕದ ಬಲೆಯ ಮೇಲೆ ಕೂತಿದ್ದ ಒಂದು ಮಿಡತೆಯನ್ನು ನೋಡುತ್ತಿದ್ದರು. ಮಿಡತೆ ನಿಜವಾಗಿಯೂ ಚೆನ್ನಾಗಿತ್ತು. ಇವತ್ತಿಗೂ ಯಾರಾದರೂ ಮಕ್ಕಳ ಮುಂದೆ ಝೆನ್ ಬಗ್ಗೆ ಮಾತಾಡಲು ಮೈಕು ಹಿಡಿದರೆ ನನಗೆ ಅದೇ ನೆನಪಾಗುತ್ತದೆ.

ಈಗ ನಾವು ಸದ್ದಿನಿಂದ ಶುರು ಮಾಡುತ್ತೇವೆ. ಮಕ್ಕಳನ್ನು ಹಿಂದೆ ಕೂರಿಸಿ, ಕಣ್ಣು ಮುಚ್ಚಿಕೊಳ್ಳಿ ಅನ್ನುತ್ತೇವೆ. ಏನೂ ವಿವರಿಸುವುದಿಲ್ಲ. ಒಬ್ಬರು ಬಾಣ ಬಿಡುತ್ತಾರೆ. ಮೊದಲು ಹೆದೆಯ ಸದ್ದು, ಚುರುಕಾದ ಒಂದು ಟಣತ್ಕಾರ. ಅದಕ್ಕೆ ‘ತ್ಸುರುನೆ’ ಅಂತ ಹೆಸರು. ನಮ್ಮ ಯಕ್ಷಗಾನದ ಅರ್ಥಧಾರಿಗಳು ‘ಬಿಲ್ಲಿನ ಠೇಂಕಾರ’ ಅನ್ನುತ್ತಾರಲ್ಲ, ಅದೇ. ಆಮೇಲೆ ಕಣ್ಣು ಮಿಟುಕಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ದೂರದಿಂದ ‘ಪಟ್’ ಅಂತಲೋ ‘ದಪ್’ ಅಂತಲೋ ಇನ್ನೊಂದು ಸದ್ದು. ಗುರಿ ಅಂದರೆ ಒಂದು ಬಳೆಯಂಥ ಚೌಕಟ್ಟಿಗೆ ಬಿಗಿಯಾಗಿ ಅಂಟಿಸಿದ ಕಾಗದ. ಬಾಣ ತಾಗಿದರೆ ತಮಟೆಯ ಹಾಗೆ ಪಟ್ಟೆನ್ನುತ್ತದೆ. ತಪ್ಪಿದರೆ ಹಿಂದಿನ ಮರಳು ದಿಬ್ಬಕ್ಕೆ ಹೋಗಿ ದಪ್ಪೆನ್ನುತ್ತದೆ. ಎರಡು ಬಾಣ ಕೇಳಿದ ಮೇಲೆ ‘ಈಗ ಬಿದ್ದದ್ದು ತಾಗಿತಾ, ಇಲ್ಲವಾ?’ ಅಂತ ಕೇಳಿ. ಮೂರನೆಯದಕ್ಕೆ ಇಪ್ಪತ್ತು ಮಕ್ಕಳೂ ಕಣ್ಣು ಮುಚ್ಚಿಯೇ ಸರಿಯಾಗಿ ಕೂಗುತ್ತಾರೆ. ಅಷ್ಟರಲ್ಲಿ ಇಡೀ ದೋಜೋ ನಿಶ್ಶಬ್ದವಾಗಿರುತ್ತದೆ. ‘ಸದ್ದು ಮಾಡಬೇಡಿ’ ಅಂತ ಯಾರೂ ಹೇಳಿರುವುದಿಲ್ಲ.

ಆ ಹೆದೆಯ ಸದ್ದಿಗೆ ಇಲ್ಲಿ ದೊಡ್ಡ ಬೆಲೆ ಇದೆ. ಜಪಾನಿನ ಅರಮನೆಯಲ್ಲಿ ಮಗು ಹುಟ್ಟಿದರೆ ಒಂದು ಸ್ನಾನದ ಶಾಸ್ತ್ರ ಮಾಡುತ್ತಾರೆ. ಒಬ್ಬರು ಹಳೆಯ ಗ್ರಂಥ ಓದುತ್ತಾರೆ, ಇನ್ನಿಬ್ಬರು ಬಾಣವಿಲ್ಲದ ಬಿಲ್ಲಿನ ಹೆದೆ ಮೀಟುತ್ತಾರೆ. ಆ ಸದ್ದಿಗೆ ಕೆಟ್ಟದ್ದೆಲ್ಲ ಓಡಿಹೋಗುತ್ತದೆ ಅಂತ ನಂಬಿಕೆ. 2006ರಲ್ಲಿ ರಾಜಕುಮಾರ ಹಿಸಾಹಿತೊ ಹುಟ್ಟಿದಾಗಲೂ ಮಾಡಿದರು. ಹೊಸ ವರ್ಷಕ್ಕೆ ದೇವಾಲಯಗಳಲ್ಲಿ ಬಿಳಿ ಗರಿಯ ಬಾಣ ಮಾರುವುದನ್ನು ನಿಮ್ಮ ಮಗಳು ನೋಡಿರುತ್ತಾಳೆ. ‘ಹಾಮಾಯಾ’ ಅನ್ನುವ ಆ ಬಾಣವೂ ಇದೇ ನಂಬಿಕೆಯದು. ‘ಮನೆಯಲ್ಲಿ ಆ ಬಾಣ ಯಾರ್‍ಯಾರು ಇಟ್ಟಿದ್ದೀರಿ?’ ಅಂತ ಕೇಳಿದರೆ ಸಾಕು, ಕೈಗಳು ಮೇಲೇಳುತ್ತವೆ.

ಸದ್ದಿನ ನಂತರ ಬಿಲ್ಲು. ಇದನ್ನು ದೂರದಿಂದ ತೋರಿಸಿದರೆ ಏನೂ ತಿಳಿಯುವುದಿಲ್ಲ. ಹತ್ತಿರ ತರಬೇಕು, ಒಂದು ಮಗುವನ್ನು ಪಕ್ಕದಲ್ಲಿ ನಿಲ್ಲಿಸಬೇಕು. ಸಾಮಾನ್ಯ ಅಳತೆಯ ಬಿಲ್ಲು 221 ಸೆಂಟಿಮೀಟರ್, ಏಳು ಅಡಿಗಿಂತ ಜಾಸ್ತಿ. ನಿಮ್ಮ ಮಗಳ ತಲೆ ಅದರ ಅರ್ಧದ ಹತ್ತಿರ ಎಲ್ಲೋ ಬರುತ್ತದೆ. ಆಮೇಲೆ ‘ಹಿಡಿ ಎಲ್ಲಿದೆ ನೋಡಿ’ ಅನ್ನಿ. ನಡುವೆ ಇಲ್ಲ. ಕೆಳಗಿನಿಂದ ಮೂರರಲ್ಲಿ ಒಂದು ಪಾಲಿನ ಹತ್ತಿರ ಇದೆ. ಮೇಲೆ ಉದ್ದ, ಕೆಳಗೆ ಗಿಡ್ಡ. ಜಪಾನಿನವರು ಇಂಥ ಬಿಲ್ಲು ಹಿಡಿಯುತ್ತಾರೆ ಅಂತ 3ನೇ ಶತಮಾನದ ಚೀನೀ ದಾಖಲೆಯಲ್ಲೇ ಬರೆದಿದೆ. ಯಾಕೆ ಹೀಗೆ ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ವಿವರಣೆ. ಕುದುರೆ ಮೇಲೆ ಕೂತು ಬಿಡಲು ಅನುಕೂಲ ಅನ್ನುವವರಿದ್ದಾರೆ. ಬಾಣ ಬಿಟ್ಟಾಗ ಆ ಜಾಗದಲ್ಲಿ ಬಿಲ್ಲು ಕಡಿಮೆ ಅದುರುತ್ತದೆ ಅನ್ನುವವರೂ ಇದ್ದಾರೆ. ಮಕ್ಕಳನ್ನೇ ಊಹಿಸಲು ಬಿಡಿ. ‘ಕೆಳಗೆ ಉದ್ದ ಇದ್ದರೆ ಕೂತುಕೊಂಡಾಗ ನೆಲಕ್ಕೆ ತಾಗುತ್ತದೆ’ ಅಂತ ನಮ್ಮಲ್ಲಿ ಒಬ್ಬ ಏಳು ವರ್ಷದವನು ಹೇಳಿದ. ನಾನು ಅದಕ್ಕಿಂತ ಬುದ್ಧಿವಂತ ಉತ್ತರ ಕೊಡಲಾರೆ.

ಬಿಲ್ಲು ನೆಲದಲ್ಲಿದ್ದರೆ ದಾಟಬಾರದು, ಇನ್ನೊಬ್ಬರ ಬಿಲ್ಲನ್ನು ಕೇಳದೆ ಮುಟ್ಟಬಾರದು. ಇದು ಇಲ್ಲಿನ ಕಟ್ಟುನಿಟ್ಟಿನ ರೀತಿ. ನಿಮ್ಮ ಮಗಳಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವ, ಆಯುಧಪೂಜೆಗೆ ಸೈಕಲ್ಲಿಗೂ ಕುಂಕುಮ ಹಚ್ಚುವ ಮನೆಯ ಮಗು ಅವಳು. ಅವಳೇ ಮಿಕ್ಕವರಿಗೆ ಹೇಳಲಿ.

ಇನ್ನು ಎಳೆಯುವುದು. ಮಕ್ಕಳ ಕೈಗೆ ನಿಜವಾದ ಬಿಲ್ಲು ಕೊಡಬಹುದಾ ಅಂತ ಕೇಳಿದ್ದೀರಿ. ಮುಟ್ಟಲು ಕೊಡಬಹುದು, ಎಳೆದು ಬಿಡಲು ಬೇಡ. ದೊಡ್ಡವರು ಕಲಿಯಲು ಶುರು ಮಾಡುವ ಬಿಲ್ಲೇ ಸುಮಾರು ಹತ್ತು ಕಿಲೋ ಎಳೆತದ್ದು. ಅದಕ್ಕಿಂತ ಮುಖ್ಯ ಇನ್ನೊಂದು ಮಾತಿದೆ. ಬಾಣ ಹೂಡದೆ ಹೆದೆಯನ್ನು ಪೂರ್ತಿ ಎಳೆದು ಬಿಟ್ಟರೆ ಆ ಹೊಡೆತವೆಲ್ಲ ಬಿಲ್ಲಿಗೇ ಬೀಳುತ್ತದೆ. ಬಿದಿರಿನ ಬಿಲ್ಲಾದರೆ ಮುರಿಯಲೂ ಬಹುದು. ಬಿದಿರನ್ನೂ ಮರವನ್ನೂ ಪಟ್ಟಿಪಟ್ಟಿಯಾಗಿ ಅಂಟಿಸಿ ಮಾಡುವ ಬಿಲ್ಲು ಅದು, ಬೆಲೆ ಕೇಳಿದರೆ ನಿಮಗೆ ನಿದ್ದೆ ಬರುವುದಿಲ್ಲ. ಹಾಗಾಗಿ ಕ್ಲಬ್ಬಿನವರೊಬ್ಬರು ಹಿಂದೆ ನಿಂತು, ಎರಡೂ ಕೈ ಹಿಡಿದುಕೊಂಡು, ಹೆದೆಯನ್ನು ನಾಲ್ಕು ಬೆರಳಿನಷ್ಟು ಎಳೆಸಿ ನಿಧಾನಕ್ಕೆ ವಾಪಸ್ ತರಬೇಕು. ಅಷ್ಟಕ್ಕೇ ಮಕ್ಕಳ ಕಣ್ಣು ಅಗಲವಾಗುತ್ತದೆ.

ಪೂರ್ತಿ ಎಳೆಯಲು ‘ಗೋಮು-ಯುಮಿ’ ಇದೆ. ರಬ್ಬರು ಬಿಲ್ಲು. ಗೇಣುದ್ದದ ಒಂದು ಹಿಡಿ, ಅದಕ್ಕೊಂದು ರಬ್ಬರು. ದೊಡ್ಡವರೂ ಶುರುವಿನಲ್ಲಿ ಇದರಲ್ಲೇ ಕಲಿಯುವುದು. ಪ್ರತಿ ಕ್ಲಬ್ಬಿನಲ್ಲೂ ನಾಲ್ಕಾರು ಬಿದ್ದಿರುತ್ತವೆ. ಇಪ್ಪತ್ತು ಮಕ್ಕಳಿಗೆ ಸಾಲುವುದಿಲ್ಲ, ಮುಂಚೆಯೇ ಕೇಳಿ ಇನ್ನಷ್ಟು ಮಾಡಿಸಿಕೊಳ್ಳಿ. ಕ್ಯೂದೋದ ಎಂಟು ಹಂತಗಳಿಗೆ ‘ಹಾಸ್ಸೆತ್ಸು’ ಅಂತ ಹೆಸರು. ಮಕ್ಕಳಿಗೆ ಆ ಹೆಸರುಗಳು ಬೇಡ, ಕೆಲಸ ಸಾಕು. ಕಾಲು ಅಗಲಿಸಿ ನಿಲ್ಲಿ. ಬೆನ್ನು ನೆಟ್ಟಗೆ. ಹಿಡಿಯಿರಿ, ಗುರಿ ನೋಡಿ. ಎರಡೂ ಕೈ ತಲೆಗಿಂತ ಮೇಲೆ ಎತ್ತಿ. ಎತ್ತಿದ ಕೈಗಳನ್ನು ಎರಡು ಪಕ್ಕಕ್ಕೆ ಬಿಚ್ಚುತ್ತಾ ಇಳಿಸಿ, ಕಿಟಕಿಯ ಪರದೆ ಸರಿಸುವ ಹಾಗೆ. ಈಗ ತಡೆಯಿರಿ. ‘ಕಾಯ್.’ ಇಲ್ಲಿ ಎಲ್ಲರೂ ಒಟ್ಟಿಗೆ ಐದು ಎಣಿಸಲಿ. ಮೂರಕ್ಕೆ ಅರ್ಧ ಜನ ಬಿಟ್ಟಿರುತ್ತಾರೆ. ನಗು ಏಳುತ್ತದೆ. ಎರಡನೇ ಸಲ ಹಲ್ಲು ಕಚ್ಚಿ ನಿಲ್ಲುತ್ತಾರೆ. ಕೆಲವರ ಮೊಣಕೈ ನಡುಗುವುದು ಕಾಣುತ್ತದೆ. ‘ಅಮ್ಮಾ, ಯಾವಾಗ ಬಿಡ್ತಾರೆ’ ಅಂದವಳು ಈಗ ಆ ಪ್ರಶ್ನೆಯನ್ನು ತನಗೇ ಕೇಳಿಕೊಳ್ಳುತ್ತಿರುತ್ತಾಳೆ.

ಬಿಟ್ಟ ಮೇಲೂ ಒಂದು ಹಂತ ಇದೆ, ‘ಜಾನ್‌ಶಿನ್’. ಬಾಣ ಹೋಯಿತು, ಕೈಗಳು ಎರಡು ಪಕ್ಕಕ್ಕೆ ಚಾಚಿವೆ, ಹಾಗೇ ಅಲ್ಲಾಡದೆ ನಿಲ್ಲಬೇಕು. ಇದು ನಮ್ಮ ಮಕ್ಕಳ ‘ಸ್ಟ್ಯಾಚ್ಯೂ’ ಆಟ. ಜಪಾನಿನ ಮಕ್ಕಳಿಗೂ ಇಂಥದೇ ಒಂದು ಆಟ ಇದೆ, ‘ದಾರುಮಾ-ಸಾನ್ ಗಾ ಕೊರೊಂದಾ’ ಅಂತ. ಆ ಹೆಸರು ಹೇಳಿ ನೋಡಿ, ಕ್ಷಣದಲ್ಲಿ ಇಪ್ಪತ್ತು ಶಿಲೆಗಳು.

ಇಷ್ಟಾದ ಮೇಲೆ ಹತ್ತಿರದಿಂದ ಒಂದು ಬಾಣ ತೋರಿಸಬೇಕು. ‘ಮಾಕಿವಾರಾ’ ಅಂತ ಒಂದು ಹುಲ್ಲಿನ ಪೀಪಾಯಿ ಇರುತ್ತದೆ. ಹುಲ್ಲನ್ನು ಗಟ್ಟಿಯಾಗಿ ಸುತ್ತಿ ಬಿಗಿದದ್ದು. ಬಿಲ್ಲಿನ ಉದ್ದದಷ್ಟೇ ದೂರದಿಂದ, ಸುಮಾರು ಎರಡು ಮೀಟರಿನಿಂದ, ಅದಕ್ಕೆ ಬಿಡುತ್ತಾರೆ. ಮಕ್ಕಳು ಬಿಡುವವರ ಹಿಂದೆ ಓರೆಯಾಗಿ, ನಾಲ್ಕು ಮೀಟರಾದರೂ ದೂರ ಕೂರಲಿ. ಪೀಪಾಯಿಯ ಪಕ್ಕ ಯಾರೂ ನಿಲ್ಲಬಾರದು, ಬಾಣ ಪುಟಿದು ಬರಬಹುದು. ಇಲ್ಲಿ ನೋಡಬೇಕಾದ್ದು ಎಡಗೈ. ಬಾಣ ಬಿಡುವ ಮೊದಲು ಹೆದೆ ತೋಳಿನ ಒಳಗಡೆ ಇರುತ್ತದೆ. ಬಿಟ್ಟ ಮರುಕ್ಷಣ ಬಿಲ್ಲು ಮುಷ್ಟಿಯೊಳಗೇ ಗಿರ್ರನೆ ತಿರುಗಿ, ಹೆದೆ ತೋಳಿನ ಹೊರಗಡೆ ಬಂದು ನಿಂತಿರುತ್ತದೆ. ಯಾರೂ ತಿರುಗಿಸಿದ್ದಲ್ಲ. ಹಿಡಿತ ಸರಿಯಿದ್ದರೆ ತಾನಾಗಿ ತಿರುಗುತ್ತದೆ. ‘ಯುಗಾಏರಿ’ ಅನ್ನುತ್ತಾರೆ. ಮಕ್ಕಳಿಗೆ ಮೊದಲ ಸಲ ಇದು ಕಾಣುವುದೇ ಇಲ್ಲ. ‘ಹೆದೆ ಈಗ ಎಲ್ಲಿದೆ?’ ಅಂತ ಕೇಳಿದರೆ ಮಾತ್ರ ‘ಅರೆ!’ ಅನ್ನುತ್ತಾರೆ. ಆಮೇಲೆ ಇನ್ನೊಂದು ಸಲ, ಇನ್ನೊಂದು ಸಲ ಅಂತ ಹಟ.

ಬಾಣಗಳನ್ನೂ ಕೈಗೆ ಕೊಡಿ, ತುದಿ ಹಿಡಿಯದಂತೆ ನೋಡಿಕೊಳ್ಳಿ. ಎರಡೆರಡು ಬಾಣ ಒಂದು ಜೋಡಿ. ಪ್ರತಿ ಬಾಣಕ್ಕೆ ಮೂರು ಗರಿ. ಜೋಡಿಯಲ್ಲಿ ಒಂದರ ಗರಿ ಒಂದು ಕಡೆಗೆ ಬಾಗಿದ್ದರೆ ಇನ್ನೊಂದರದು ಮತ್ತೊಂದು ಕಡೆಗೆ. ಹಾರುವಾಗ ಒಂದು ಬಲಕ್ಕೆ ತಿರುಗುತ್ತಾ ಹೋಗುತ್ತದೆ, ಇನ್ನೊಂದು ಎಡಕ್ಕೆ. ಮೊದಲು ಬಿಡುವುದು ‘ಹಾಯಾ’, ಆಮೇಲಿನದು ‘ಓತೋಯಾ’. ಹತ್ತು ಬಾಣ ಕಲಸಿಟ್ಟು ಜೋಡಿ ಮಾಡಿ ಅಂದರೆ ಕಾಲು ಗಂಟೆ ನಿಮಗೆ ನೆಮ್ಮದಿ.

ನಿಮ್ಮ ಮಗಳಿಗೆ ಮಾತ್ರ ಇನ್ನೊಂದು ವಿಷಯ ಇಟ್ಟುಕೊಳ್ಳಿ. ಏಕಲವ್ಯನ ಕಥೆ ಅವಳಿಗೆ ಗೊತ್ತಿರುತ್ತದೆ ಅಲ್ವಾ? ಒಲಿಂಪಿಕ್ಸ್‌ನಲ್ಲಿ ಬಿಲ್ಲು ಎಳೆಯುವವರನ್ನು ಗಮನಿಸಿ. ತೋರುಬೆರಳು, ನಡುಬೆರಳು, ಉಂಗುರದ ಬೆರಳು, ಈ ಮೂರರಿಂದ ಹೆದೆ ಎಳೆಯುತ್ತಾರೆ. ಹೆಬ್ಬೆರಳಿಗೆ ಕೆಲಸವೇ ಇಲ್ಲ. ಅದನ್ನು ನೋಡಿ ಬೆಳೆದ ಮಗುವಿಗೆ ದ್ರೋಣರು ಹೆಬ್ಬೆರಳನ್ನೇ ಯಾಕೆ ಕೇಳಿದರು ಅಂತ ತಿಳಿಯುವುದಿಲ್ಲ. ಕ್ಯೂದೋದ ಕೈಗವಸು ‘ಯುಗಾಕೆ’ ತೋರಿಸಿ. ಜಿಂಕೆ ಚರ್ಮದ್ದು. ಹೆಬ್ಬೆರಳು ಮಾತ್ರ ಕಲ್ಲಿನ ಹಾಗೆ ಗಟ್ಟಿ, ಅದರ ಬುಡದಲ್ಲಿ ಒಂದು ಕಚ್ಚು. ಹೆದೆ ಕೂರುವುದು ಆ ಕಚ್ಚಿನಲ್ಲಿ. ಮಿಕ್ಕ ಬೆರಳುಗಳು ಹೆಬ್ಬೆರಳನ್ನು ಒತ್ತಿ ಹಿಡಿಯುತ್ತವೆ, ಅಷ್ಟೇ. ಹೆಬ್ಬೆರಳಿಲ್ಲದಿದ್ದರೆ ಹೆದೆಗೆ ಜಾಗವೇ ಇಲ್ಲ. ಹೀಗೆ ಹೆಬ್ಬೆರಳಿನಿಂದ ಎಳೆಯುವ ಪದ್ಧತಿ ಏಷ್ಯಾದ ಎಷ್ಟೋ ಕಡೆ ಇತ್ತು. ಮಹಾಭಾರತದಲ್ಲಿ ಏಕಲವ್ಯ ಆಮೇಲೂ ಬೆರಳುಗಳಿಂದ ಬಾಣ ಬಿಟ್ಟ, ಆದರೆ ಮೊದಲಿನ ವೇಗ ಬರಲಿಲ್ಲ ಅಂತ ಇದೆ. ಆ ಗವಸಿನೊಳಗೆ ಒಂದು ಸಲ ಕೈ ಹಾಕಿ ನೋಡಿದವರಿಗೆ ಆ ಸಾಲು ಬೇರೆಯೇ ಥರ ಕೇಳಿಸುತ್ತದೆ. ಬಲಗೈಗೇ ಹಾಕಬೇಕು ಅನ್ನುವುದು ನೆನಪಿರಲಿ. ಕ್ಯೂದೋದಲ್ಲಿ ಎಡಚರೂ ಬಿಲ್ಲನ್ನು ಎಡಗೈಯಲ್ಲೇ ಹಿಡಿಯುತ್ತಾರೆ. ನಿಮ್ಮ ಗುಂಪಿನಲ್ಲಿ ಎಡಚ ಮಕ್ಕಳಿದ್ದರೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಪಾಪ, ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ.

ಈಗ ಗುರಿ. ದೂರ 28 ಮೀಟರ್, ಗುರಿಯ ಅಗಲ 36 ಸೆಂಟಿಮೀಟರ್. ಕ್ರಿಕೆಟ್ ಪಿಚ್‌ಗಿಂತ ಎಂಟು ಮೀಟರ್ ಆಚೆ, ನೆಲಕ್ಕೆ ತಾಗುವಷ್ಟು ಕೆಳಗೆ ಇಟ್ಟ ಒಂದು ದೊಡ್ಡ ಊಟದ ತಟ್ಟೆ ಅಂದುಕೊಳ್ಳಿ. ನಡುವಿಗೆ ಬಿದ್ದರೆ ಹತ್ತು, ಅಂಚಿಗೆ ಬಿದ್ದರೆ ಒಂದು ಅಂತೆಲ್ಲ ಸಾಮಾನ್ಯವಾಗಿ ಇಲ್ಲ. ತಾಗಿದರೆ ತಾಗಿತು. ಅಂಚಿಗೆ ತಾಗಿದ್ದೂ ಅಷ್ಟೇ, ನಡುವಿಗೆ ತಾಗಿದ್ದೂ ಅಷ್ಟೇ. ಲೆಕ್ಕ ಇಷ್ಟಪಡುವ ಮಕ್ಕಳಿದ್ದರೆ ಕ್ಯೋತೊದ ಸಾನ್‌ಜೂಸಾನ್‌ಗೆನ್‌ದೋ ದೇವಾಲಯದ ಕಥೆ ಹೇಳಿ. 120 ಮೀಟರ್ ಉದ್ದದ ಅದರ ಜಗಲಿಯ ಒಂದು ತುದಿಯಿಂದ ಇನ್ನೊಂದು ತುದಿಗೆ, ಸೂರಿಗೆ ತಾಗದಂತೆ ಬಾಣ ಬಿಡುವ ಪಂದ್ಯ ನಡೆಯುತ್ತಿತ್ತು. 1686ರಲ್ಲಿ ವಾಸಾ ದಾಯ್‌ಹಾಚಿರೋ ಅನ್ನುವವನು ಒಂದು ಹಗಲು ಒಂದು ರಾತ್ರಿಯಲ್ಲಿ 13,053 ಬಾಣ ಬಿಟ್ಟ. ಅದರಲ್ಲಿ 8,133 ಆಚೆ ತುದಿ ಮುಟ್ಟಿದವು. 24 ಗಂಟೆಗೆ ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು ಒಂಬತ್ತು ಬಾಣ ಆಯಿತು. ನಮ್ಮ ಹಿರಿಯರು ಹತ್ತು ನಿಮಿಷಕ್ಕೆ ಎರಡು. ಎರಡೂ ಒಂದೇ ಬಗೆಯ ಬಿಲ್ಲಿನಲ್ಲಿ ಅಂದರೆ ಮಕ್ಕಳು ನಂಬುವುದಿಲ್ಲ.

ಗುರಿಯ ಜಾಗದಲ್ಲಿ ಬಲೂನು ಕಟ್ಟುವ ಪದ್ಧತಿ ಕೆಲವು ಕಡೆ ಇದೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು, ಜಾತ್ರೆ ಮಾಡಿಬಿಟ್ಟರಲ್ಲ ಅಂತ. ಈಗ ಬಿಟ್ಟುಬಿಟ್ಟಿದ್ದೇನೆ. ಹೊಸ ವರ್ಷದ ಮೊದಲ ಅಭ್ಯಾಸದ ದಿನ ದೊಡ್ಡವರೇ ಬಲೂನು, ಬೀಸಣಿಗೆ ಎಲ್ಲ ಕಟ್ಟಿ ಆಡುತ್ತಾರೆ. ಮಕ್ಕಳಿಗೆ ಯಾಕೆ ಬೇಡ? ಬೀಸಣಿಗೆ ಇನ್ನೂ ಒಳ್ಳೆಯದು, ಯಾಕೆಂದರೆ ಅದಕ್ಕೊಂದು ಕಥೆ ಇದೆ. 1185ರ ಯಾಶಿಮಾ ಯುದ್ಧದಲ್ಲಿ ಎದುರಾಳಿಗಳು ದೋಣಿಯ ಮೇಲೆ ಕೋಲಿಗೆ ಬೀಸಣಿಗೆ ಕಟ್ಟಿ ‘ತಾಕತ್ತಿದ್ದರೆ ಹೊಡೆಯಿರಿ’ ಅಂತ ಕೆಣಕಿದರಂತೆ. ನಾಸು ನೋ ಯೋಯಿಚಿ ಅನ್ನುವ ಯುವಕ ಕುದುರೆಯನ್ನು ನೀರಿಗಿಳಿಸಿ, ಅಲೆಗಳ ಮೇಲೆ ಓಲಾಡುತ್ತಿದ್ದ ಆ ಬೀಸಣಿಗೆಯನ್ನು ಒಂದೇ ಬಾಣಕ್ಕೆ ಹಾರಿಸಿದ. ಎರಡೂ ಕಡೆಯವರು ಕೂಗಿ ಮೆಚ್ಚಿದರು. ಜಪಾನಿನ ಮಕ್ಕಳಿಗೆ ಇದು ನಮ್ಮ ಮತ್ಸ್ಯಯಂತ್ರದ ಕಥೆಯಷ್ಟೇ ಪರಿಚಿತ. ನಿಮ್ಮ ಮಗಳು ಆ ಕಡೆಯಿಂದ ಅರ್ಜುನನ ಕಥೆ ಹೇಳಲಿ, ಒಳ್ಳೆಯ ಜುಗಲ್‌ಬಂದಿ ಆಗುತ್ತದೆ.

ಅಪಾಯದ ಬಗ್ಗೆ ನೇರವಾಗಿ ಹೇಳುತ್ತೇನೆ. ಬಾಣ ಆಟಿಕೆಯಲ್ಲ, ಅದರ ತುದಿಗೆ ಲೋಹ ಇದೆ. ಆದರೆ ದೋಜೋ ನಡೆಯುವ ರೀತಿಯಲ್ಲೇ ಎಚ್ಚರ ಸೇರಿಕೊಂಡಿದೆ. ಬಿಡುವವರ ಸಾಲಿಗಿಂತ ಮುಂದೆ ಯಾರೂ ಹೋಗುವುದಿಲ್ಲ. ಬಾಣ ತರಲು ಹೋಗುವ ಮೊದಲು ಚಪ್ಪಾಳೆ ತಟ್ಟಿ ಕೂಗುತ್ತಾರೆ, ಈ ಕಡೆಯವರು ಉತ್ತರ ಕೊಡುತ್ತಾರೆ. ಎಷ್ಟೋ ಕಡೆ ಕೆಂಪು ಬಾವುಟವನ್ನೋ ದೀಪವನ್ನೋ ಹಾಕುತ್ತಾರೆ. ಆ ಚಪ್ಪಾಳೆ, ಆ ಕೂಗು ಮಕ್ಕಳಿಂದ ಮಾಡಿಸಿ. ನಿಯಮ ಓದಿ ಹೇಳುವುದಕ್ಕಿಂತ ಅದು ಚೆನ್ನಾಗಿ ನಾಟುತ್ತದೆ. ನಿಮ್ಮ ಕಡೆಯಿಂದ ಒಂದು ಕೆಲಸ. ಐದು ಮಕ್ಕಳಿಗೆ ಒಬ್ಬ ಪೋಷಕರು ಇರಲಿ, ಅವರು ಬಿಲ್ಲು ನೋಡುವ ಬದಲು ಮಕ್ಕಳನ್ನು ನೋಡಲಿ. ಫೋಟೋಗೆ ಒಳ್ಳೆಯ ಕೋನ ಬೇಕು ಅಂತ ಮುಂದೆ ಹೋಗುವವರು ಮಕ್ಕಳಲ್ಲ, ಅಪ್ಪಂದಿರು. ಚಪ್ಪಲಿ ಬಿಡಬೇಕಾಗುತ್ತದೆ, ಮರದ ನೆಲ ಅಕ್ಟೋಬರಿನಲ್ಲೇ ತಣ್ಣಗಿರುತ್ತದೆ, ದಪ್ಪ ಸಾಕ್ಸು ಹಾಕಿಸಿ.

ಮಕ್ಕಳಿಗೆ ಸಣ್ಣ ಕೆಲಸಗಳನ್ನೂ ಕೊಡಬಹುದು. ಮರಳಿನಿಂದ ತೆಗೆದ ಬಾಣದ ತುದಿಯನ್ನು ಬಟ್ಟೆಯಿಂದ ಒರೆಸಬೇಕಲ್ಲ, ಅದನ್ನು ಕ್ಲಬ್ಬಿನವರು ಬಾಣ ಹಿಡಿದುಕೊಂಡು ಮಕ್ಕಳಿಂದ ಒರೆಸಿಸಲಿ. ಗುರಿಗೆ ಕಾಗದ ಅಂಟಿಸುವುದಂತೂ ಮಕ್ಕಳಿಗೆಂದೇ ಹುಟ್ಟಿದ ಕೆಲಸ. ಗೋಂದು ಹಚ್ಚಿ, ಸುಕ್ಕಾಗದಂತೆ ಎಳೆದು, ಅಂಚು ಒತ್ತಬೇಕು. ತಾವೇ ಅಂಟಿಸಿದ ಗುರಿಗೆ ಬಾಣ ಬಂದು ಪಟ್ ಅಂದಾಗ ಆ ಮುಖ ನೋಡಬೇಕು ನೀವು. ತೂತು ಬಿದ್ದ ಕಾಗದವನ್ನು ಕೊನೆಗೆ ಮನೆಗೆ ಕೊಟ್ಟುಕಳಿಸಿ. ನಮ್ಮ ಪಕ್ಕದ ಮನೆ ಹುಡುಗನ ಕೋಣೆಯಲ್ಲಿ ಒಂದು ಇನ್ನೂ ನೇತಾಡುತ್ತಿದೆ.

ಎರಡು ವರ್ಷದ ಹಿಂದಿನ ಮಾತು. ಕೊನೆಯ ಬಾಣದ ಹೊತ್ತು, ಮಕ್ಕಳೆಲ್ಲ ಸಾಲಾಗಿ ಕೂತಿದ್ದಾರೆ. ನಮ್ಮಲ್ಲೇ ಹಿರಿಯರಾದ ಒಬ್ಬರು ಎಳೆದು ನಿಂತರು. ಬಿಟ್ಟ ಕ್ಷಣದಲ್ಲಿ ‘ಫಟ್’ ಅಂತ ಹೆದೆ ಹರಿಯಿತು. ತುಂಡೊಂದು ಹಾರಿ ನೆಲದ ಮೇಲೆ ಬಿತ್ತು. ಅವರು ಮುಖ ಗಂಟಿಕ್ಕಲಿಲ್ಲ, ನಗಲೂ ಇಲ್ಲ. ಜಾನ್‌ಶಿನ್‌ನಲ್ಲಿ ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟು ನಿಂತರು. ಆಮೇಲೆ ನಡೆದು ಹೋಗಿ, ಮಂಡಿಯೂರಿ, ತುಂಡನ್ನು ಎತ್ತಿ ಮಡಿಸಿಕೊಂಡು, ತೊಂದರೆ ಕೊಟ್ಟದ್ದಕ್ಕೆ ತಲೆಬಾಗಿ, ಹಿಂದೆ ಸರಿದರು. ಕ್ಯೂದೋದಲ್ಲಿ ತಪ್ಪಾದಾಗ ಏನು ಮಾಡಬೇಕು ಅನ್ನುವುದಕ್ಕೂ ಕ್ರಮ ಇದೆ. ಬಾಣ ಬಿದ್ದರೆ, ಬಿಲ್ಲು ಕೈಜಾರಿದರೆ, ಹೆದೆ ಹರಿದರೆ, ಎಲ್ಲಕ್ಕೂ. ಅದನ್ನೂ ಅಭ್ಯಾಸ ಮಾಡುತ್ತೇವೆ. ಆ ದಿನ ಮಕ್ಕಳು ಬರೆದ ಪತ್ರಗಳಲ್ಲಿ ಹೆಚ್ಚಿನವು ಗುರಿ ತಾಗಿದ ಬಾಣದ ಬಗ್ಗೆ ಇರಲಿಲ್ಲ. ‘ತಾತ ಅಳಲಿಲ್ಲ’ ಅಂತ ಒಂದು ಮಗು ಬರೆದಿತ್ತು. ಇದನ್ನು ಬೇಕೆಂದು ಮಾಡಿಸಲು ಆಗುವುದಿಲ್ಲ, ಮಾಡಿಸಲೂ ಬಾರದು. ಆದರೆ ಹಾಗೊಮ್ಮೆ ನಡೆದುಬಿಟ್ಟರೆ, ಮೈಕು ಹಿಡಿದವರು ‘ಕ್ಷಮಿಸಿ, ಏನೋ ಅಡಚಣೆ’ ಅಂತ ಮುಚ್ಚಿಹಾಕದೆ ಸುಮ್ಮನಿದ್ದರೆ ಸಾಕು.

ಕಲಿಯುವ ವಯಸ್ಸು. ಎಂಟು ಬೇಗ ಆಯಿತು. ಜಪಾನಿನಲ್ಲಿ ಹೆಚ್ಚಿನವರು ಹೈಸ್ಕೂಲಿನ ಕ್ಲಬ್ಬಿನಲ್ಲಿ ಶುರು ಮಾಡುತ್ತಾರೆ, ಕೆಲವು ಮಿಡ್ಲ್ ಸ್ಕೂಲುಗಳಲ್ಲೂ ಇದೆ. 2012ರಿಂದ ಮಿಡ್ಲ್ ಸ್ಕೂಲಿನಲ್ಲಿ ಏನಾದರೂ ಒಂದು ಸಾಂಪ್ರದಾಯಿಕ ಯುದ್ಧಕಲೆ ಕಡ್ಡಾಯ. ಆದರೆ ಹೆಚ್ಚಿನ ಶಾಲೆಗಳು ಜೂಡೋ ಅಥವಾ ಕತ್ತಿವರಸೆಯ ಕೆಂದೋ ಆರಿಸಿಕೊಳ್ಳುತ್ತವೆ. ಬಿಲ್ಲಿಗೆ ಜಾಗ ಬೇಕಲ್ಲ, ಕಷ್ಟ. ಊರಿನ ದೋಜೋಗಳು ಹೊಸಬರಿಗೆ ನಡೆಸುವ ತರಗತಿಗೆ ಮಿಡ್ಲ್ ಸ್ಕೂಲಿನಿಂದ ಮೇಲಿನವರನ್ನು ತೆಗೆದುಕೊಳ್ಳುವುದೇ ಜಾಸ್ತಿ. ಚಿಕ್ಕವರಿಗೆ ಕಲಿಸುವ ಕ್ಲಬ್ಬುಗಳೂ ಅಲ್ಲಲ್ಲಿ ಇವೆ, ನಿಮ್ಮ ಕ್ಲಬ್ಬಿನವರನ್ನೇ ವಿಚಾರಿಸಿ. ನನ್ನ ಅಭಿಪ್ರಾಯ ಕೇಳಿದರೆ, ಅವಸರ ಬೇಡ. ಬೆಳೆಯುವ ಭುಜಕ್ಕೆ ಭಾರದ ಬಿಲ್ಲು ಒಳ್ಳೆಯದಲ್ಲ. ಬೇಗ ಶುರು ಮಾಡಿದವರು ಬೇಗ ಕಲಿತದ್ದನ್ನೂ ನಾನು ನೋಡಿಲ್ಲ.

ಅಲ್ಲಿಯವರೆಗೆ ಏನು ಅಂದರೆ, ರಜೆಯಲ್ಲಿ ಕ್ಯೂಶೂ ದ್ವೀಪದ ಕಡೆ ಹೋದರೆ ಮಿಯಾಝಾಕಿ ಪ್ರಾಂತದ ನಿಚಿನಾನ್‌ಗೆ ಹೋಗಿ ಬನ್ನಿ. ಅಲ್ಲಿ ಓಬಿ ಅನ್ನುವ ಹಳೆಯ ಕೋಟೆ ಊರಿನಲ್ಲಿ ‘ಶಿಹಾನ್‌ಮಾತೊ’ ಅನ್ನುವ ಬಿಲ್ಲಿನ ಆಟ ಇದೆ. ರೈತರು ಆಡುತ್ತಾ ಉಳಿಸಿಕೊಂಡದ್ದು. ಎಲ್ಲವೂ ನಾಲ್ಕೂವರೆ. ಹಳೆಯ ಅಳತೆಯಲ್ಲಿ ನಾಲ್ಕೂವರೆ ಶಾಕು ಬಿಲ್ಲು, ಅಂದರೆ ಸುಮಾರು 136 ಸೆಂಟಿಮೀಟರ್, ನಿಮ್ಮ ಮಗಳ ಎತ್ತರದ ಆಸುಪಾಸು. ಬಾಣವೂ ಅಷ್ಟೇ ಉದ್ದ. ಗುರಿ 8.2 ಮೀಟರ್ ದೂರ, ಅಂಗೈಗಿಂತ ಸ್ವಲ್ಪ ದೊಡ್ಡದು. ಕೂತುಕೊಂಡೇ ಬಿಡುವುದು. ನೋಡಲು ಬಂದವರಿಗೂ ಕೈಗೆ ಕೊಡುತ್ತಾರೆ. ಗಂಭೀರ ಮುಖ ಯಾರದೂ ಇಲ್ಲ.

ಇನ್ನೊಂದು, ಇವತ್ತು ರಾತ್ರಿಯೇ ಮಾಡಬಹುದಾದ್ದು. ಮಗಳನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಎಡಗೈಯನ್ನು ಪಕ್ಕಕ್ಕೆ ನೇರ ಚಾಚಿಸಿ. ಗಂಟಲಿನ ಗುಳಿಯಿಂದ ನಡುಬೆರಳ ತುದಿಯವರೆಗೆ ಟೇಪು ಹಿಡಿಯಿರಿ. ಇದಕ್ಕೆ ‘ಯಾಝುಕಾ’ ಅನ್ನುತ್ತಾರೆ. ಬಾಣದ ಅಳತೆ ತೆಗೆದುಕೊಳ್ಳುವುದು ಇದರಿಂದಲೇ. ಹೊಸಬರಾದರೆ ಇದಕ್ಕೆ ಹತ್ತು ಸೆಂಟಿಮೀಟರ್ ಸೇರಿಸುತ್ತಾರೆ, ಎಳೆಯುವಾಗ ಬಾಣ ಒಳಗೆ ಬಂದುಬಿಡಬಾರದಲ್ಲ. ಈಗ 60 ಚಿಲ್ಲರೆ ಬರಬಹುದು. ಅಡುಗೆಮನೆ ಬಾಗಿಲಿನ ಚೌಕಟ್ಟಿನ ಮೇಲೆ ಆ ಉದ್ದಕ್ಕೆ ಒಂದು ಗೆರೆ ಎಳೆದು ತಾರೀಕು ಹಾಕಿ, ಪ್ರತಿ ಹುಟ್ಟುಹಬ್ಬಕ್ಕೆ ಇನ್ನೊಂದು. ಬಾಡಿಗೆ ಮನೆಯಾದರೆ ಪೆನ್ಸಿಲಿನಲ್ಲೇ ಎಳೆಯಿರಿ, ಬಿಡುವಾಗ ಅಳಿಸಬೇಕಾಗುತ್ತದೆ.